ಈಜುಕೊಳದ ಅರ್ಜಿಗಳೂ ನನ್ನ ಮೊಹರೂ

ನಿವೃತ್ತ ಗುಮಾಸ್ತನನ್ನು ಯಾವ ಸಂಘಕ್ಕೂ ಕಾರ್ಯದರ್ಶಿ ಮಾಡಬಾರದು. ಹೀಗೆ ಹೇಳುತ್ತಿರುವ ನಾನು ನಿವೃತ್ತ ಗುಮಾಸ್ತ. ಉಣಕಲ್ ದಾಟಿ ಬೈರಿದೇವರಕೊಪ್ಪದ ಕಡೆಗಿರುವ ನಮ್ಮ ಕಾಲೊನಿಯ ಮನೆಮಾಲೀಕರ ಸಂಘಕ್ಕೆ ಕಾರ್ಯದರ್ಶಿಯೂ ಹೌದು. ಕಚೇರಿಯ ಕುರ್ಚಿ ನನ್ನನ್ನು ಬಿಟ್ಟಿತು, ನಾನು ಅದನ್ನು ಬಿಡಲಿಲ್ಲ. ಯಾರಾದರೂ ಎದುರಿಗೆ ನಿಂತು ಏನಾದರೂ ಕೇಳಿದರೆ ಸಾಕು, "ಬರದು ಕೊಡ್ರಿ" ಎಂಬ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ. ಹಾಗೆಂದರೆ ಅರ್ಧ ಜನ ಮತ್ತೆ ಈ ಕಡೆ ಸುಳಿಯುವುದಿಲ್ಲ. ಹಟ ಹಿಡಿದು ಬರೆದುಕೊಡುವವರಿಗಾಗಿ ದುರ್ಗದಬೈಲಿನ ಪೇಟೆಯಲ್ಲಿ ಒಂದು ರಬ್ಬರ್ ಮೊಹರು ಮಾಡಿಸಿ ಇಟ್ಟುಕೊಂಡಿದ್ದೆ: "ಪರಿಶೀಲಿಸಲಾಗಿದೆ. ಸದ್ಯಕ್ಕೆ ಅವಕಾಶವಿರುವುದಿಲ್ಲ." ಒಮ್ಮೆ ಮೊಹರು ಬಿತ್ತೆಂದರೆ ಅದೇ ವಿಷಯ ಮತ್ತೆ ಎತ್ತಬಾರದೆಂದು ಒಂದು ನಿಯಮವನ್ನೂ ಮಾಡಿದ್ದೆ.

ಕಾಲೊನಿಯ ಜೊತೆಗೇ ಹುಟ್ಟಿದ ಈಜುಕೊಳ ನಮ್ಮದು. ನಲ್ಲಿಗೆ ನೀರು ಬಂದ ದಿನವನ್ನು ಹಬ್ಬದಂತೆ ಆಚರಿಸುವ ಊರಿಗೆ ಈಜುಕೊಳ ಯಾಕೆಂದು ಆಗಲೂ ಯಾರೂ ಕೇಳಲಿಲ್ಲ. ನಕ್ಷೆಯಲ್ಲಿತ್ತು, ಬಂತು. ಬರಬರುತ್ತಾ ಅದರ ಟೈಲ್ಸ್ ಉದುರಿದವು, ಗೋಡೆ ಬಿರುಕು ಬಿಟ್ಟಿತು, ಬಿರುಕಿನಲ್ಲಿ ಒಂದು ಅರಳಿಯ ಸಸಿ ಎದ್ದಿತು. ಅರಳಿ ಎಂದಮೇಲೆ ಕೀಳುವುದಕ್ಕೆ ಯಾರಿಗೆ ಧೈರ್ಯ? ಯಾರೋ ಅದಕ್ಕೆ ಕುಂಕುಮವನ್ನೂ ಹಚ್ಚಿಬಿಟ್ಟರು. ಕೊನೆಗೂ ಹೋದ ವರ್ಷ ದುರಸ್ತಿ ಮಾಡಿಸುವುದೆಂದು ತೀರ್ಮಾನವಾಯಿತು. ನಮ್ಮ ಅಧ್ಯಕ್ಷರು ಚನ್ನಬಸಪ್ಪ ಕಾಕಾ, ಹತ್ತಿ ವ್ಯಾಪಾರಿ. ಟೈಲ್ಸಿನ ಮಾದರಿ ತೋರಿಸಿದರೆ ಅದನ್ನೂ ಅರಳೆಯ ಹಾಗೆ ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಮಾಲ್ ಛಲೋ ಐತಿ" ಎಂದು ಒಪ್ಪಿಗೆ ಕೊಟ್ಟರು. ಆಳ ಕಡಿಮೆ ಇರುವ ಬದಿಯಲ್ಲಿ ಗೋಡೆಗುಂಟ ಕೈಹಿಡಿಯಲು ಒಂದು ಹಳೆಯ ಕಬ್ಬಿಣದ ಕಂಬಿ ಇತ್ತು. ನೀಲಿ ಟೈಲ್ಸಿಗೆ ಅದು ಒಪ್ಪುವುದಿಲ್ಲ, ಕತ್ತರಿಸಿ ತೆಗೆಸೋಣ ಎಂದೆ ನಾನು. ಸಲಹೆಗಳಿದ್ದರೆ ಬರೆದುಕೊಡಿ ಎಂದು ನೋಟಿಸ್ ಅಂಟಿಸಿದೆ.

ಬಂದವು ನೋಡಿ ಅರ್ಜಿಗಳು! ಮೆಟ್ಟಿಲು ಈಶಾನ್ಯಕ್ಕಿದ್ದರೆ ಕಾಲೊನಿಗೆ ಶ್ರೇಯಸ್ಸು ಎಂದು ಒಬ್ಬರು. ಈಜುವುದೆಲ್ಲ ಆಮೇಲೆ, ಮೇಲೊಂದು ಸ್ಲ್ಯಾಬ್ ಹಾಕಿ ಎಲ್ಲರ ಮನೆಗೂ ಸೇರಿ ದೊಡ್ಡ ಸಂಪ್ ಮಾಡಿಬಿಡಿ ಎಂದು ನಿವೃತ್ತ ಇಂಜಿನಿಯರ್ ಪಾಟೀಲರು. ನೀರು ತುಂಬುವ ಮೊದಲು ಗಂಗೆಪೂಜೆ ಆಗಲೇಬೇಕು, ಪೂಜೆಗೆ ನಾನೇ ಕೂಡುತ್ತೇನೆ, ಶಿರಾ ಮಾತ್ರ ಸಂಘದಿಂದ ಆಗಲಿ ಎಂದು ಮತ್ತೊಬ್ಬರು. ಮೂರು ಓದಿ ಹೊಟ್ಟೆ ತುಂಬ ನಕ್ಕೆ. ಉಳಿದವೂ ಇಂಥವೇ ಇರಬೇಕೆಂದು, ಓದುವ ಗೊಡವೆಗೆ ಹೋಗದೆ, ಎಲ್ಲದಕ್ಕೂ ಮೊಹರು ಒತ್ತಿ ಸಹಿ ಹಾಕಿದೆ. ಚಹಾ ಆರುವುದರೊಳಗೆ ಕೆಲಸ ಮುಗಿಯಿತು. ವಾಚ್‌ಮನ್ ಫಕೀರಪ್ಪ ಅವನ್ನೆಲ್ಲ ಅವರವರ ಮನೆಗೆ ಮುಟ್ಟಿಸಿ ಬಂದ.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ತಾಟಿನ ಪಕ್ಕದಲ್ಲಿ ಮಡಿಚಿಟ್ಟ ಒಂದು ಹಾಳೆ. ಬಿಚ್ಚಿದರೆ ಕೆಳಗೆ ನನ್ನದೇ ಸಹಿ. ಎಷ್ಟು ಚೆನ್ನಾಗಿ ಬಿದ್ದಿತ್ತೆಂದರೆ ಮೊದಲು ಅದನ್ನೇ ಮೆಚ್ಚಿಕೊಂಡೆ. ಆಮೇಲೆ ಮೇಲಿನ ಅಕ್ಷರ ಕಂಡಿತು. ಮೂವತ್ತು ವರ್ಷದಿಂದ ಕಿರಾಣಿ ಚೀಟಿಯಲ್ಲಿ ನೋಡಿದ ಅಕ್ಷರ.

"ಮಾನ್ಯ ಕಾರ್ಯದರ್ಶಿಯವರಿಗೆ. ದಿನಾಲು ಒಂದು ತಾಸು ಹೆಂಗಸರಿಗೆ ಬೇರೆ ಇಡಬೇಕು. ಕಂಬಿ ತೆಗೆಯಬಾರದು. ನಾನು ಸಣ್ಣವಳಿದ್ದಾಗ ಹೆಬ್ಬಳ್ಳಿಯಲ್ಲಿ ನಮ್ಮ ಹೊಲದ ಬಾವಿಯಲ್ಲಿ ಅಣ್ಣಂದಿರು ಈಜುತ್ತಿದ್ದರು. ನಾನು ದಂಡೆಯ ಮೇಲೆ ಕೂತು ಅವರ ಅಂಗಿ ಕಾಯುತ್ತಿದ್ದೆ. ಒಮ್ಮೆಯಾದರೂ ನೀರಿಗೆ ಇಳಿಯಬೇಕೆಂದು ಆಸೆ ಇದೆ. ಹಿಡಿದುಕೊಳ್ಳಲು ಏನಾದರೂ ಇದ್ದರೆ ಇಳಿದೇನು. ಇಂತಿ, ನೀಲವ್ವ, ಮನೆ ನಂಬರ್ ಹದಿನಾಲ್ಕು."

ಹದಿನಾಲ್ಕು ನಮ್ಮ ಮನೆ. ನೀಲವ್ವ ನನ್ನ ಹೆಂಡತಿ. ನನ್ನ ಮೊಹರು ಸರಿಯಾಗಿ 'ಆಸೆ ಇದೆ' ಎಂಬುದರ ಮೇಲೆ ಕೂತಿತ್ತು.

"ನನಗೊಂದು ಮಾತು ಹೇಳಬಾರದಿತ್ತೇನು?" ಎಂದೆ.

"ಹೇಳಿದ್ನಲ್ಲ. ಹ್ವಾದ ತಿಂಗಳ ನೀವು ಪೇಪರ್ ಓದಾಕತ್ತಿದ್ರಿ. ಬರದು ಕೊಡು ಅಂದ್ರಿ. ಬರದು ಕೊಟ್ಟೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಇನ್ನೊಂದು ರೊಟ್ಟಿ ಬಡಿಸಿ, "ಬೆಣ್ಣಿ ಹಾಕ್ಲೇನ್ರಿ?" ಎಂದು ಕೇಳಿದಳು. ಇಷ್ಟು ವರ್ಷ ಜೊತೆಗೆ ಬಾಳಿದವಳ ಆಸೆ ನನಗೆ ತಿಳಿದದ್ದು ಸಂಘದ ಟಪಾಲಿನಿಂದ. ನಿಜವಾಗಿ ನಾಚಿಕೆಯಾಯಿತು.

"ಇವತ್ತ ಕಾಕಾಗ ಹೇಳಿ ಮಂಜೂರ್ ಮಾಡಸ್ತೇನಿ, ತಡಿ."

"ಬ್ಯಾಡ್ರಿ. ಸೆಕ್ರೆಟರಿ ಹೇಂತಿಗಂತ ಮಾಡಿದ್ರು ಅಂತಾರ ಮಂದಿ. ಮೊದ್ಲ ಉಳದವ್ರು ಏನ್ ಬರದಾರ ಓದ್ರಿ."

ಓದಲು ನನ್ನ ಬಳಿ ಏನಿದೆ? ಎಲ್ಲ ಹಂಚಿಯಾಗಿತ್ತು. ಕಂಬಿ ಕತ್ತರಿಸುವವರು ಸೋಮವಾರ ಬರುವವರಿದ್ದರು. ಹಾಗಾಗಿ ನಾನೇ ಮನೆಮನೆಯ ಬಾಗಿಲಿಗೆ ಹೋಗಿ, "ನಿಮ್ಮ ಅರ್ಜಿ ಸ್ವಲ್ಪ ಕೊಡ್ತೀರೇನ್ರಿ, ಓದಿ ಕೊಡ್ತೇನಿ" ಎಂದು ಕೇಳಿದೆ. ಒಬ್ಬರು ತಮ್ಮ ಅರ್ಜಿಯನ್ನು ಬೆಳ್ಳುಳ್ಳಿ ಸುಲಿಯುವುದಕ್ಕೆ ಹಾಸಿದ್ದರು. ಸಿಪ್ಪೆ ಕೊಡವಿ ಕೊಟ್ಟರು. ಓದಿ ನೋಡಿದರೆ ಇನ್ನೂ ಮೂರು ಮನೆಯ ಹೆಂಗಸರು ಅದನ್ನೇ ಕೇಳಿದ್ದರು. ಮೊಣಕಾಲು ನೋವಿಗೆ ಡಾಕ್ಟರು ನೀರಿನಲ್ಲಿ ನಡೆಯಲು ಹೇಳಿದ್ದಾರೆ ಎಂದು ಒಬ್ಬರು. ಮೈತುಂಬ ಬಟ್ಟೆ ಹಾಕಿಕೊಂಡು ಇಳಿದರೆ ನಡೆಯುತ್ತದೆಯೇ ಎಂದು ಇನ್ನೊಬ್ಬರು. ಗಂಡಸರು ನೋಡುತ್ತಿದ್ದರೆ ನಾಚಿಕೆ, ಒಂದು ತಾಸು ಸಿಕ್ಕರೆ ಪುಣ್ಯ ಎಂದು ಮೂರನೆಯವರು.

ಭಾನುವಾರ ಸಭೆ ಕರೆದು ನಾಲ್ಕನ್ನೂ ಗಟ್ಟಿಯಾಗಿ ಓದಿದೆ.

"ಅಲ್ರಿ ಸೆಕ್ರೆಟರಿ," ಎಂದರು ಕಾಕಾ, "ಮೊಹರು ಬಿದ್ದದ್ದನ್ನ ತಿರುಗಿ ಎತ್ತಬಾರದಂತ ನಿಯಮ ಮಾಡಿದವ್ರು ನೀವ ಅಲ್ಲೇನು?"

"ಹೌದ್ರಿ ಕಾಕಾ. ಆದ್ರ ನಾ ಇವನ್ನ ಓದಿದ್ದಿಲ್ಲ. ಓದದನ ಮೊಹರು ಹೊಡದೇನಿ. ತಪ್ಪಾತು."

ಹಿಂದಿನ ಸಾಲಿನಿಂದ ಪಾಟೀಲರು ಎದ್ದು, "ಹಂಗಾರ ನನ್ನ ಸಂಪಿಂದೂ ಓದಿಲ್ಲೇನು?" ಎಂದರು.

"ನಿಮ್ಮದು ಓದೇನ್ರಿ. ಓದೇ ಮೊಹರು ಹೊಡದೇನಿ."

ಎಲ್ಲರೂ ನಕ್ಕರು. ಆ ನಗುವಿನಲ್ಲೇ ಕಾಕಾ, ಕಂಬಿಗೆ ಬಣ್ಣ ಹಚ್ಚಿ ಅಲ್ಲೇ ಇಡುವುದು, ಹತ್ತರಿಂದ ಹನ್ನೊಂದು ಹೆಂಗಸರ ತಾಸು, ಆ ಹೊತ್ತಿನಲ್ಲಿ ಗಂಡಸರು ಯಾರೂ ಗೇಟಿನೊಳಗೆ ಕಾಲಿಡಬಾರದು ಎಂದು ತೀರ್ಮಾನ ಹೇಳಿದರು. ನಾನು ಬರೆದುಕೊಂಡೆ. ಅರಳಿಯ ಸಸಿಯನ್ನು ಬೇರುಸಮೇತ ಎತ್ತಿ ಗೇಟಿನ ಹತ್ತಿರ ನೆಟ್ಟರು, ಗಂಗೆಪೂಜೆಯೂ ಆಯಿತು, ಶಿರಾನೂ ಆಯಿತು.

ಮೊದಲ ದಿನ ನೀಲವ್ವ ಹಳೆಯ ಚೂಡಿದಾರ ಹಾಕಿಕೊಂಡು, ಟವೆಲ್ ಬಗಲಲ್ಲಿಟ್ಟುಕೊಂಡು ಹೋದಳು. ನಾನು ಮನೆಯಲ್ಲಿ ಕೂತಲ್ಲಿ ಕೂಡಲಾರದೆ ಗಡಿಯಾರ ನೋಡಿದೆ, ಉಪ್ಪಿಟ್ಟು ಮಾಡಲು ಹೋಗಿ ತಳ ಹತ್ತಿಸಿದೆ. ಹನ್ನೊಂದೂಕಾಲಿಗೆ ಬಂದಳು. ಕೂದಲಿನಿಂದ ನೀರು ಇಳಿಯುತ್ತಿತ್ತು, ಬೆರಳ ತುದಿಗಳು ಸುಕ್ಕಾಗಿದ್ದವು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು.

"ಹೆಂಗಿತ್ತು?"

"ಕಂಬಿ ಬಿಟ್ಟೆ ರೀ!" ಎಂದಳು. "ಎರಡ ಹೆಜ್ಜಿ. ಆಮ್ಯಾಲ ಮತ್ತ ಹಿಡಕೊಂಡೆ. ಆದ್ರ ಬಿಟ್ಟೆ."

ಸೀದ ಉಪ್ಪಿಟ್ಟನ್ನೇ ಇಬ್ಬರೂ ತಿಂದೆವು. ತಿನ್ನುತ್ತಾ ಆಕೆ, "ನೀವ್ಯಾಕ ಇನ್ನೂ ಇಳದಿಲ್ಲ? ಸಂಜಿಗೆ ಗಂಡಸರೆಲ್ಲಾ ಇಳೀತಾರ, ಹೋಗ್ರಿ" ಎಂದಳು. ನೆಗಡಿ ಎಂದೆ. ಈಗ ಮೂರು ವಾರದಿಂದ ನನಗೆ ನೆಗಡಿ. ನಿಜ ಹೇಳಬೇಕೆಂದರೆ ನೀರು ಮೊಣಕಾಲಿಗೆ ಬಂದರೆ ಸಾಕು, ನನಗೆ ಜೀವ ಬಾಯಿಗೆ ಬರುತ್ತದೆ. ಇದನ್ನು ಆಕೆಗೆ ಇನ್ನೂ ಹೇಳಿಲ್ಲ. ಹೇಳಿದರೆ ನಗುತ್ತಾಳೆಂಬ ಹೆದರಿಕೆಯಲ್ಲ. ಕೈಹಿಡಿದು ಇಳಿಸಿಬಿಡುತ್ತಾಳೆಂಬ ಹೆದರಿಕೆ.