ಪರಿಶೀಲನಾ ಸಮಿತಿ ಅಧ್ಯಕ್ಷರ ಬೂಟುಗಳಿಗೆ ಒಂದು ಬಿನ್ನಹ

ಮಾನ್ಯ ಬೂಟುಗಳೇ,

ಎಡಗಾಲಿನ ತಮಗೂ ಬಲಗಾಲಿನ ತಮಗೂ ಸಮಾನ ಗೌರವದಿಂದ ವಂದಿಸಿ, ಸ್ಟೆಮ್ ಸೆಲ್ ಕಸಿ ವಿಭಾಗದ ಹಿರಿಯ ನರ್ಸ್ ಆದ ನಾನು ಬಹಿರಂಗವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇದೇ ವಿಷಯವಾಗಿ ತಮ್ಮ ಒಡೆಯರಾದ ಅಧ್ಯಕ್ಷರಿಗೆ ಈಗಾಗಲೇ ಆರು ಪತ್ರ ಬರೆದಿದ್ದೇನೆ. ಆರೂ ತಲುಪಿವೆ ಎಂದು ಅವರ ಆಪ್ತ ಸಹಾಯಕರು ಸೌಜನ್ಯದಿಂದ ತಿಳಿಸಿದ್ದಾರೆ. ಮೇಲಕ್ಕೆ ಬರೆದು ಸುಸ್ತಾದ ಮೇಲೆ ಕಾಲಿಗೆ ಬೀಳುವುದೊಂದೇ ಬಾಕಿ ಇದ್ದದ್ದರಿಂದ ನೇರವಾಗಿ ತಮ್ಮಲ್ಲಿಗೇ ಬಂದಿದ್ದೇನೆ.

ತಾವು ಮೂರು ಬಾರಿ ದಯಮಾಡಿಸಿದ ಆ ಕಸಿ ಕೊಠಡಿ ನಮ್ಮ ಈ ಪುಟ್ಟ ದೇಶಕ್ಕೆಲ್ಲ ಒಂದೇ ಒಂದು. ಅದರ ಗಾಳಿ ಸೋಸುವ ಯಂತ್ರ ಹಡಗಿನಲ್ಲಿ ಬರಲು ಹನ್ನೊಂದು ತಿಂಗಳು, ಅದನ್ನು ಜೋಡಿಸಬಲ್ಲವರು ಬರಲು ಏಳು ತಿಂಗಳು, ಕರೆಂಟು ಹೋದರೂ ಅದು ನಿಲ್ಲದಂತೆ ನೋಡಿಕೊಳ್ಳಲು ಮತ್ತೊಂದು ವರ್ಷ ಹಿಡಿಯಿತು. ಕಸಿಗೆ ಮುಂಚೆ ರೋಗಿಯ ಕೆಟ್ಟ ಮೂಳೆಮಜ್ಜೆಯನ್ನು ಔಷಧ ಕೊಟ್ಟು ಅಳಿಸುತ್ತೇವೆ. ಹೊಸದು ಚಿಗುರುವ ತನಕ ಕೆಲವು ವಾರ ಆ ಮೈಗೆ ಕಾವಲೇ ಇರುವುದಿಲ್ಲವಾದ್ದರಿಂದ, ನಮಗೆ ಸೀನು ಕೂಡ ಬರಿಸದ ಒಂದು ಚಿಟಿಕೆ ಧೂಳು ಆಗ ಪ್ರಾಣಕ್ಕೇ ಬರುತ್ತದೆ. ಅದಕ್ಕೆಂದೇ ಬಾಗಿಲ ಹೊರಗೆ ಒಂದು ಬೆಂಚು, ಒಂದು ಸ್ಟ್ಯಾಂಡು, ಒಳಗೆ ಮೆಟ್ಟಲು ಶುದ್ಧ ಚಪ್ಪಲಿಗಳನ್ನು ಇಟ್ಟಿದ್ದೇವೆ.

ಕೊಠಡಿ ಶುಚಿಯಾಗಿದೆ ಎಂದು ಸಮಿತಿ ಕಣ್ಣಾರೆ ಕಂಡು ಸಹಿ ಹಾಕುವ ತನಕ ರೋಗಿಯನ್ನು ಒಳಗೆ ಸೇರಿಸುವಂತಿಲ್ಲ. ಕಣ್ಣಿಗಾದರೆ ಬಾಗಿಲಿನ ಗಾಜೇ ಸಾಕಿತ್ತು, ಆದರೆ ತಮಗೂ ನೋಡುವ ಆಸೆ ಇರುತ್ತದಲ್ಲ. ಮೊದಲ ಸಲ ತಾವು ಪಕ್ಕದ ಕಾಮಗಾರಿಯ ಸಿಮೆಂಟು ಪುಡಿಯನ್ನು ಧರಿಸಿ ಬಂದಿರಿ. ಎರಡನೆಯ ಸಲ ಪಾರ್ಕಿಂಗಿನ ಕೆಸರನ್ನು ಜೊತೆಗೆ ಕರೆತಂದಿರಿ. ಮೂರನೆಯ ಸಲ ತಮ್ಮನ್ನು ನೋಡಿ ಧೈರ್ಯ ಬಂದು ಫೋಟೋಗ್ರಾಫರನದ್ದೂ ಸೇರಿ ಇನ್ನೂ ಒಂಬತ್ತು ಜೊತೆ ಒಳಗೆ ನಡೆದವು. ಪ್ರತಿ ಸಲವೂ ಗಾಳಿ ಪರೀಕ್ಷೆಗೆ ಇಟ್ಟ ತಟ್ಟೆಗಳಲ್ಲಿ ಬೂಷ್ಟು ಬೆಳೆದು ಒಪ್ಪಿಗೆ ತಪ್ಪಿತು, ಹತ್ತು ದಿನ ಗೋಡೆ ಚಾವಣಿಗಳನ್ನು ತೊಳೆದೆವು, ತಟ್ಟೆಗಳು ಚೊಕ್ಕಟವಾದವು, ಮತ್ತೆ ಸಮಿತಿಯ ದಿನಾಂಕಕ್ಕಾಗಿ ಅರ್ಜಿ ಹಾಕಿದೆವು. ಶುಚಿಯಾಗಿದೆಯೇ ಎಂದು ನೋಡಿ ನೋಡಿಯೇ ಒಂದು ಕೊಠಡಿಯನ್ನು ಕೊಳಕು ಮಾಡುವ ತಮ್ಮ ಸಾಮರ್ಥ್ಯಕ್ಕೆ ನಮ್ಮೆಲ್ಲರ ಅಭಿನಂದನೆಗಳು. ತಮ್ಮ ಹೊಳಪನ್ನೂ ಮರೆಯುವಂತಿಲ್ಲ. ಅದರಲ್ಲಿ ಮುಖ ನೋಡ್ಕೋಬಹುದು, ಅಡಿ ಮಾತ್ರ ಯಾರೂ ನೋಡಿಲ್ಲ ಅಂತ ನಮ್ಮ ಆಯಾ ಈಗಲೂ ಹೇಳುತ್ತಿರುತ್ತಾಳೆ.

ತಮ್ಮನ್ನು ಕಳಚಿ ಎಂದು ಅಧ್ಯಕ್ಷರಿಗೆ ಹೇಳಲು ನಮ್ಮ ಸೂಪರಿಂಟೆಂಡೆಂಟರು ಪ್ರಯತ್ನಿಸದೆ ಇರಲಿಲ್ಲ. ಅವರು ಎರಡು ಸಲ ಅರ್ಥಪೂರ್ಣವಾಗಿ ಕೆಮ್ಮಿದರು. ಅಧ್ಯಕ್ಷರು ಕೂಡಲೇ ಒಂದು ಒಳ್ಳೆಯ ಕೆಮ್ಮಿನ ಸಿರಪ್ಪಿನ ಹೆಸರು ಹೇಳಿ ಒಳಗೆ ಹೋದರು. ಪಕ್ಕದಲ್ಲೇ ಇದ್ದ ನಾನೂ ಬಾಗಿಲು ತೆರೆದು ಹಿಡಿದೆ, ಆ ದಿನದಿಂದ ನನಗೆ ನನ್ನ ಮೇಲೇ ಸಿಟ್ಟು.

ಸಾಮಾನ್ಯ ವಾರ್ಡಿನ ಹದಿನಾಲ್ಕನೇ ಹಾಸಿಗೆಯಲ್ಲಿ ಏಳು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಅವಳ ಮಜ್ಜೆ ರಕ್ತ ಮಾಡುವುದನ್ನೇ ಬಿಟ್ಟಿದೆ. ವಾರ ವಾರ ಬೇರೆಯವರ ರಕ್ತ ಏರಿಸುತ್ತಿದ್ದೇವೆ, ಹಾಗೆ ಏರಿಸಿದಷ್ಟೂ ಮುಂದೆ ಕಸಿ ಹಿಡಿಯುವುದು ಕಷ್ಟವಾಗುತ್ತ ಹೋಗುತ್ತದೆ. ಮನೆಯವರನ್ನೆಲ್ಲ ಪರೀಕ್ಷಿಸಿದಾಗ ಮಜ್ಜೆ ಹೊಂದಿದ್ದು ಹನ್ನೊಂದು ವರ್ಷದ ಅಕ್ಕನದು ಮಾತ್ರ. ಆಕೆಗೆ ನೆಗಡಿಯೂ ಆಗಬಾರದೆಂದು ನಾಲ್ಕು ತಿಂಗಳಿಂದ ಶಾಲೆಗೇ ಕಳಿಸಿಲ್ಲ. ಧೂಳಿನ ವಿಚಾರ ನಾನು ಹೇಳಿದ್ದನ್ನು ಬೇಕಾದ್ದಕ್ಕಿಂತ ಹೆಚ್ಚು ನಂಬಿ ಆ ಹುಡುಗಿ ಆಸ್ಪತ್ರೆಯ ಗೇಟಿನಲ್ಲೇ ಚಪ್ಪಲಿ ಬಿಟ್ಟು, ನಲ್ಲಿಯಲ್ಲಿ ಕಾಲು ತೊಳೆದು ತಂಗಿಯನ್ನು ನೋಡಲು ಬರುತ್ತಾಳೆ. ಈವರೆಗೆ ಎರಡು ಜೊತೆ ಕಳುವಾಗಿವೆ.

ಬರುವ ಗುರುವಾರ ಹತ್ತು ಗಂಟೆಗೆ ನಾಲ್ಕನೇ ಪರಿಶೀಲನೆ. ಐದನೆಯದಕ್ಕೆ ಈ ಮಗುವಿಗೆ ಸಮಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದ್ದರಿಂದ ತಾವು ಅಂದು ಕಾರಿನಲ್ಲೇ ಉಳಿದು ಒಡೆಯರನ್ನಷ್ಟೇ ಕಳಿಸಿಕೊಡಬೇಕು; ಅದಾಗದಿದ್ದರೆ ಲಿಫ್ಟಿನಲ್ಲಿ ಅವರ ಕಿರುಬೆರಳನ್ನು ಸಾಧ್ಯವಾದಷ್ಟು ಗೌರವದಿಂದ ಕಚ್ಚಬೇಕು; ಅದೂ ಆಗದಿದ್ದರೆ ತಮ್ಮಲ್ಲಿ ಒಬ್ಬರಾದರೂ ಬಾಗಿಲಲ್ಲಿ ಮುಷ್ಕರ ಹೂಡಬೇಕು.

ಇದ್ಯಾವುದೂ ಆಗದಿದ್ದರೂ ಚಿಂತೆಯಿಲ್ಲ. ನೀವ್ಯಾರೂ ಹೇಳ್ಬೇಡಿ ಸಿಸ್ಟರ್, ನಾನೇ ಬಿಚ್ತೀನಿ ಎಂದು ಆ ಮಗುವಿನ ಅಕ್ಕ ನನಗೆ ಹೇಳಿದ್ದಾಳೆ. ಕಾವಲುಗಾರನ ಬೂಟಿನ ಮೇಲೆ ಒಂದು ವಾರದಿಂದ ಅಭ್ಯಾಸ ನಡೆದಿದ್ದು, ಲೇಸಿನ ಗಂಟು ಒಂದೇ ಎಳೆತಕ್ಕೆ ಸಡಿಲವಾಗುವ ಮಟ್ಟಕ್ಕೆ ಬಂದಿದ್ದಾಳೆ. ಗುರುವಾರ ಹತ್ತಕ್ಕೆ ಆಕೆ ಆ ಬೆಂಚಿನ ಪಕ್ಕ ನೆಲದ ಮೇಲೆ, ಬರಿಗಾಲಲ್ಲಿ ಕೂತಿರುತ್ತಾಳೆ. ತಂಗಿಗೆ ಮಜ್ಜೆ ಕೊಡುವವಳು ಆಕೆ, ದಯವಿಟ್ಟು ಆ ಕೈಗೆ ಸುಲಭವಾಗಿ ಕಳಚಿಕೊಳ್ಳಿ.

ಗುರುವಾರದವರೆಗೆ ಮಾತ್ರ ತಮ್ಮ ವಿಶ್ವಾಸಿ,
ಕಸಿ ವಿಭಾಗದ ಹಿರಿಯ ನರ್ಸ್

ತಾ.ಕ.: ಕಳೆದ ಭೇಟಿಯಲ್ಲಿ ಅಧ್ಯಕ್ಷರು ನಮ್ಮ ಪುಸ್ತಕದಲ್ಲಿ, ‘ನೆಲದ ಮೇಲೆ ಹೆಜ್ಜೆ ಗುರುತುಗಳು ಕಂಡುಬಂದಿವೆ, ಸಿಬ್ಬಂದಿ ಗಮನ ಹರಿಸತಕ್ಕದ್ದು’ ಎಂದು ಬರೆದು ಸಹಿ ಹಾಕಿದ್ದಾರೆ. ಆದೇಶದಂತೆ ಗಮನ ಹರಿಸಿ, ಗುರುತನ್ನು ಅಳೆದಿದ್ದೇವೆ. ಹತ್ತನೇ ನಂಬರು. ಅದೇ ಅಳತೆಯ ಒಂದು ಜೊತೆ ಶುದ್ಧ ಚಪ್ಪಲಿ ಸ್ಟ್ಯಾಂಡಿನಲ್ಲಿ ಕಾಯುತ್ತಿದೆ.