ನಡುಮನೆ ಸುದ್ದಿ ಅಡುಗೆಮನೆಗೆ ಹೇಳಬಾರದು

ನಮ್ಮ ಸೋದರಮಾವನ ಮನೆಯಲ್ಲಿ ಸತ್ತವರು ಬದುಕಿ ಬರುತ್ತಾರೆ! ನಡುಮನೆಯಲ್ಲಿ ಗೊಟಕ್ ಅಂದವರು, ನಾಲ್ಕು ಹೆಜ್ಜೆ ದಾಟಿ ಅಡುಗೆಮನೆಗೆ ಬಂದರೆ ರೇಷ್ಮೆ ಸೀರೆ ಉಟ್ಟು, ಸೊಸೆಗೆ ಬೈಯುತ್ತಾ ನಿಂತಿರುತ್ತಾರೆ. ಗಾಬರಿಯಾಗಬೇಡಿ. ನಾನು ಹೇಳುತ್ತಿರುವುದು ಧಾರಾವಾಹಿಯ ಮಾತು. ನಡುಮನೆಯ ಟಿವಿಯಲ್ಲಿ ಇವತ್ತಿನ ಕಂತು, ಅಡುಗೆಮನೆಯ ಟಿವಿಯಲ್ಲಿ ನಿನ್ನೆಯದೋ ಮೊನ್ನೆಯದೋ ಕಂತು. ಹಾಗಾಗಿ ಗುಂಡ್ಲುಪೇಟೆಯ ಆ ಮನೆಗೆ ಯಾರು ಹೋದರೂ ಹೊಸಿಲಲ್ಲೇ ಮಾವನ ಎಚ್ಚರಿಕೆ.

"ಚಪ್ಲಿ ಇಲ್ಲೇ ಬುಡು. ನಡುಮನೆ ಸುದ್ದೀನೂ ಇಲ್ಲೇ ಬುಡು. ಒಳಕ್ಕೋಗಿ ನಿಮ್ಮತ್ತೆ ಮುಂದೆ ಬಾಯ್ ಬುಟ್ಟೀಯ ಕಣಮ್ಮಿ, ಉಸಾರು!"

ನಾನು ಚಾಮರಾಜನಗರದಲ್ಲಿ ಟೀಚರು. ವಾರವೆಲ್ಲ ಮಕ್ಕಳ ಬಾಯಿ ಮುಚ್ಚಿಸುವುದೇ ನನ್ನ ಕೆಲಸ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹತ್ತಿ ಇಲ್ಲಿಗೆ ಬಂದರೆ ನನ್ನ ಬಾಯಿಗೇ ಬೀಗ! ಮಾವನಿಗೂ ಅತ್ತೆಗೂ ಮಕ್ಕಳಿಲ್ಲ. ಬೈಸಿಕೊಳ್ಳಲು ಒಬ್ಬಳಾದರೂ ಬೇಕಲ್ಲ, ಅದಕ್ಕೇ ನಾನು ವಾರ ತಪ್ಪಿಸುತ್ತಿರಲಿಲ್ಲ.

ಈ ವಿಚಿತ್ರ ಶುರುವಾದದ್ದು ಒಂದು ಬೀರುವಿನಿಂದ. ನಡುಮನೆಯಲ್ಲಿ ಈಸಿಚೇರು, ಈಸಿಚೇರಿನಲ್ಲಿ ನಮ್ಮ ತಾತ, ಅಂದರೆ ಮಾವನ ಅಪ್ಪ. ತಾತನೆದುರು ಸೊಸೆ ಕೂರುವಂತಿಲ್ಲ, ಎದುರಾಡುವುದಿರಲಿ, ನೇರ ಮಾತಾಡುವಂತೆಯೂ ಇಲ್ಲ. ಕೂರಬೇಡ ಅಂತ ತಾತ ಒಂದು ದಿನವೂ ಬಾಯಿ ಬಿಟ್ಟು ಹೇಳಿದವನಲ್ಲ. ಕೂತ್ಕೋ ಅಂತಲೂ ಹೇಳಿದವನಲ್ಲ. ಹಾಗಾಗಿ ಅತ್ತೆ ಕೈಯಲ್ಲಿ ಸೌಟು ಹಿಡಿದು ಅಡುಗೆಮನೆಯ ಬಾಗಿಲಿನ ಮರೆಯಲ್ಲಿ ನಿಂತೇ ಟಿವಿ ನೋಡುತ್ತಿದ್ದಳು. ಅಲ್ಲಿಂದ ನೋಡಿದರೆ ಟಿವಿಯ ಎಡಭಾಗಕ್ಕೆ ಬೀರು ಅಡ್ಡ! ಬಲಗಡೆ ನಿಂತವರು ಅಳುವುದು ಕಾಣುತ್ತಿತ್ತು. ಅಳಿಸಿದವರು ಯಾರು ಅಂತ ಕಾಣುತ್ತಿರಲಿಲ್ಲ.

"ಎಡಗಡೆ ಯಾರಿದ್ರು?" ಅಂತ ಊಟ ಬಡಿಸುವಾಗ ಗಂಡನನ್ನು ಮೆಲ್ಲಗೆ ಕೇಳುತ್ತಿದ್ದಳು. ಹೀಗೆ ಎಷ್ಟು ವರ್ಷ ಅಂತೀರಿ! ಧಾರಾವಾಹಿಯ ಮದುವೆಗಳನ್ನೆಲ್ಲ ಬರೀ ಹೆಣ್ಣಿನ ಕಡೆಯಿಂದ ನೋಡಿದ್ದಾಳೆ, ಗಂಡು ಹೇಗಿದ್ದ ಅಂತ ಅವಳಿಗೆ ಗೊತ್ತೇ ಇಲ್ಲ.

ಮಾವ ಒಂದು ದಿನ ಟಿವಿಯನ್ನು ಬಾಗಿಲಿನ ಕಡೆಗೆ ಒಂದಿಷ್ಟು ಓರೆ ಮಾಡಿದ. ತಾತ ಗುಡುಗಿದ. "ಏನ್ಲಾ ಇದು, ಓರೆ ಮಾಡ್ಬುಟ್ಟಿದ್ದೀಯ? ನಾನೇನ್ ಗ್ವಾಡೆ ನೋಡ್ಕಂಡ್ ಕೂತ್ಕಳ್ಲಾ? ನೆಟ್ಟಗ್ ಮಾಡು!" ಬೀರು ಸರಿಸೋಣವೆಂದರೆ ಅದು ಅಜ್ಜಿಯ ಕಾಲದ್ದು, ಗೋಡೆಗೆ ಸೇರಿಸಿ ಕಟ್ಟಿದ್ದು. ಹೆಂಡತಿಗೆ ಪೂರ್ತಿ ಟಿವಿ ತೋರಿಸಲೇಬೇಕು ಅಂತ ಮಾವನಿಗೆ ಹಟ ಹಿಡಿದದ್ದು ಆವತ್ತೇ.

ಮಾವ ಲಾರಿ ವೈರಿಂಗ್ ಮೇಸ್ತ್ರಿ. ತರಕಾರಿ, ಈರುಳ್ಳಿ ಹೊತ್ತು ಕೇರಳಕ್ಕೆ ಹೋಗುವ ಲಾರಿಗಳ ಹಾರನ್ನು, ಲೈಟು ಕೆಟ್ಟರೆ ಅವನ ಶೆಡ್ಡಿಗೇ ಬರಬೇಕು. ರೆಕಾರ್ಡ್ ಮಾಡುವ ಪೆಟ್ಟಿಗೆಯೊಂದನ್ನು ನಡುಮನೆಗೆ ತಂದ. ಅಡುಗೆಮನೆಗೆ ಒಂದು ಪುಟ್ಟ ಟಿವಿ, ಅದಕ್ಕೊಂದು ಮರಿ ಪೆಟ್ಟಿಗೆ. ಎರಡಕ್ಕೂ ವೈರು ಎಳೆದರೆ ಒಂದು ಕೋಣೆಯಲ್ಲಿ ರೆಕಾರ್ಡ್ ಆದದ್ದನ್ನು ಇನ್ನೊಂದು ಕೋಣೆಯಲ್ಲಿ ನೋಡಬಹುದು, ಒಂದರಲ್ಲಿ ನಿಲ್ಲಿಸಿದ್ದನ್ನು ಇನ್ನೊಂದರಲ್ಲಿ ಅಲ್ಲಿಂದಲೇ ಮುಂದುವರಿಸಬಹುದು ಅಂತ ಅಂಗಡಿಯವನು ಹೇಳಿದ್ದನಂತೆ. ಮಾವ ಗೋಡೆ ಕೊರೆದು ವೈರು ಎಳೆದ. ಯಾವ ವೈರು? ಲಾರಿಯ ಹಾರನ್ ವೈರು!

"ಮಾವ, ಇದಕ್ಕೆ ಬೇರೆ ವೈರ್ ಬರುತ್ತೆ."

"ಸುಮ್ಕಿರಮ್ಮಿ. ಈ ವೈರಲ್ಲಿ ಕರೆಂಟೇ ಓಯ್ತದೆ, ಸೀರಿಯಲ್ಲು ಯಾಕೋಗಾಕಿಲ್ಲ?"

ಹೋಗಲಿಲ್ಲ. ತುದಿಯನ್ನು ನಾಲಿಗೆಗೆ ಮುಟ್ಟಿಸಿ ಪರೀಕ್ಷೆ ಮಾಡಿದ, ಆಗಲೂ ಹೋಗಲಿಲ್ಲ. ಕೊನೆಗೆ ಸರಿಯಾದ ನೀಲಿ ವೈರು ಬಂತು. ಅತ್ತೆ ಮಣೆಯ ಮೇಲೆ ಕೂತು, ಜೀವನದಲ್ಲಿ ಮೊದಲ ಸಲ ಎಡಗಡೆಯನ್ನೂ ಬಲಗಡೆಯನ್ನೂ ಒಟ್ಟಿಗೆ ನೋಡಿದಳು. "ಅಯ್ಯೋ, ಇವ್ನು ಇಷ್ಟ್ ಕುಳ್ಳನಾ!" ಅಂದಳು.

ಸಂಜೆ ಏಳೂವರೆಗೆ ನಡುಮನೆಯಲ್ಲಿ ತಾತನ ಜೊತೆ ಕಂತು ನೋಡುವುದು, ಮರುದಿನ ಮಧ್ಯಾಹ್ನ ಊಟಕ್ಕೆ ಬಂದಾಗ ಅದೇ ಕಂತನ್ನು ಅಡುಗೆಮನೆಯಲ್ಲಿ ಅತ್ತೆಯ ಪಕ್ಕ ಕೂತು ನೋಡುವುದು. ಮಾವನ ದಿನಚರಿ ಹೀಗಾಯಿತು. ಏನೂ ಗೊತ್ತಿಲ್ಲದವನ ಹಾಗೆ ಬಾಯಿ ಬಿಟ್ಟುಕೊಂಡು ಕೂರುತ್ತಿದ್ದ. ಒಮ್ಮೆ ನಾನು ಮಾತಿನ ಭರದಲ್ಲಿ, "ಆ ಗಯ್ಯಾಳಿ ಅತ್ತೆ ಸತ್ತೇ ಹೋದಳಲ್ಲ!" ಅಂದುಬಿಟ್ಟೆ. ಅತ್ತೆ ಸೌಟು ಕೆಳಗಿಟ್ಟಳು. "ನಂಗಿನ್ನೂ ಬದ್ಕಿದ್ಲು ಕಣಮ್ಮಿ. ನೀನ್ ಸಾಯಿಸ್ಬುಟ್ಟೆ" ಅಂದಳು. ಮಾವ ಎರಡು ವಾರ ನನ್ನ ಜೊತೆ ಮಾತು ಬಿಟ್ಟಿದ್ದ.

ಹೋದ ವರ್ಷ ಒಂದು ಮಧ್ಯಾಹ್ನ ಇಬ್ಬರೂ ನೋಡುತ್ತಾ ಕೂತಿದ್ದರು. ಪರದೆಯ ಮೇಲೆ ನಾಯಕಿ ಬಾಗಿಲ ಚಿಲಕದ ಮೇಲೆ ಕೈಯಿಟ್ಟಿದ್ದಳು. ಹೊರಗೆ ಯಾರೋ ಬಡಿಯುತ್ತಿದ್ದರು. ನಡುಮನೆಯಿಂದ ತಾತ ಕೆಮ್ಮಿ, ಬಿಸಿನೀರು ಕೇಳಿದ. ಅತ್ತೆ ರಿಮೋಟು ಒತ್ತಿ ನಿಲ್ಲಿಸಿದಳು. "ನಿಮ್ಮಪ್ಪೋರ್ಗೆ ಬಿಸ್ನೀರ್ ಕೊಟ್ಬುಟ್ಟು ಬತ್ತೀನಿ, ಮುಂದಕ್ ಹಾಕ್ಬುಟ್ಟೀರ, ಉಸಾರು" ಅಂದಳು. ಒಲೆಯ ಹತ್ತಿರ ಹೋದವಳು ಅಲ್ಲೇ ಕುಸಿದಳು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಮಾವ ಮುಂದಕ್ಕೆ ಹಾಕಲಿಲ್ಲ. ತಿಥಿ ಮುಗಿದರೂ ಹಾಕಲಿಲ್ಲ. ನಡುಮನೆಯ ಪೆಟ್ಟಿಗೆ ದಿನಾ ರೆಕಾರ್ಡ್ ಮಾಡುತ್ತಲೇ ಇತ್ತು. ಅಡುಗೆಮನೆಯ ಟಿವಿ ಹಾಕಿದರೆ ಮಾತ್ರ ಅದೇ ಪ್ರಶ್ನೆ: ಮುಂದುವರಿಸಬೇಕೆ? ಮಾವ ಅದನ್ನು ನೋಡಿ ಆರಿಸುತ್ತಿದ್ದ. ಅಡುಗೆಮನೆಯಲ್ಲಿ ಧಾರಾವಾಹಿಯ ಮಾತೆತ್ತಿದರೆ ಈಗಲೂ ಬಾಯಿ ಮೇಲೆ ಬೆರಳಿಟ್ಟು "ಶ್!" ಅನ್ನುತ್ತಿದ್ದ. ನೆಂಟರೆಲ್ಲ, ಮೇಸ್ತ್ರಿಗೆ ತಲೆ ಕೆಟ್ಟಿದೆ ಅಂದರು. ನಾನೂ ಒಂದೆರಡು ಸಲ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಏಳು ತಿಂಗಳು ಕಳೆದವು. ಧಾರಾವಾಹಿಯ ಕೊನೆಯ ಕಂತು ಒಂದು ಶನಿವಾರ. ಬಸ್ಸು ತಡವಾಗಿ ನಾನು ಸಂಜೆ ಹೋದಾಗ ಮಾವ ಶೆಡ್ಡಿಗೆ ಹೋಗದೆ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

"ಜಾಗ ತುಂಬೋಯ್ತು ಕಣಮ್ಮಿ. ಇವತ್ತು ಏಳೂವರೆಗೆ ರೆಕಾರ್ಡ್ ಮಾಡಿದ್ರೆ ಎಲ್ಲಕ್ಕಿಂತ ಹಳೇದ ಅಳಿಸ್ತೀನಿ ಅಂತದೆ."

ಎಲ್ಲಕ್ಕಿಂತ ಹಳೆಯದು ಯಾವುದು? ಅತ್ತೆ ನಿಲ್ಲಿಸಿದ್ದೇ. ನೋಡಿ ಮುಗಿಸಿದ ಕಂತನ್ನು ಅವಳು ಅಂದಂದೇ ಅಳಿಸುತ್ತಿದ್ದಳು, ತೊಳೆದ ಪಾತ್ರೆಯನ್ನು ಮಗುಚಿಡುವ ಹಾಗೆ. ಹಿಂದಿನದು ಒಂದೂ ಉಳಿದಿರಲಿಲ್ಲ.

"ಬೇರೆ ಡಿಸ್ಕಿಗೆ ಹಾಕಿಸೋಣ ಮಾವ."

"ಕೇಳ್ದೆ. ಇದ್ರದ್ದು ಬೇರೇದ್ರಲ್ಲಿ ಓಡಾಕಿಲ್ವಂತೆ."

"ಮಧ್ಯದ್ದು ಯಾವುದಾದರೂ ಅಳಿಸಿ."

"ಅವ್ಳು ನೋಡ್ದೇ ಇರದ ಹೆಂಗ್ಲಾ ಅಳಿಸ್ಲಿ!" ಅಂದ. ಗಂಡಸರಿಗೆ ಅನ್ನುವ 'ಲಾ' ನನಗೆ! ನಾನು ಹೆಣ್ಣು ಅನ್ನುವುದೂ ಅವನಿಗೆ ಮರೆತಿತ್ತು.

"ಹಾಗಾದರೆ ಇವತ್ತಿನದು ರೆಕಾರ್ಡ್ ಮಾಡಬೇಡಿ."

"ಕೊನೇದು ಬ್ಯಾಡ್ವ? ಇಷ್ಟ್ ವರ್ಸ ನೋಡುದ್ಲಲ್ಲಮ್ಮಿ, ಕೊನೇದೇ ಬ್ಯಾಡ್ವ ಅವ್ಳಿಗೆ?"

ಗಡಿಯಾರದಲ್ಲಿ ಆರೂವರೆ. ಆಗ ಈಸಿಚೇರಿನಿಂದ ತಾತನ ದನಿ ಬಂತು. "ಅದ ಇಲ್ಲಿಗ್ ಹಾಕ್ಲಾ."

"ಏನಪ್ಪ?"

"ಆ ಹೆಣ್ಮಗ ನಿಲ್ಸುದ್ದ. ಈ ಟಿವೀಲಿ ಹಾಕು. ಬಿಸ್ನೀರು ಕೇಳ್ದೋನು ನಾನೇ ಅಲ್ವ? ನಾನು ಬಾಯ್ ಮುಚ್ಕಂಡಿದ್ದಿದ್ರೆ ಅದೊಂದಾದ್ರೂ ಪೂರ್ತಿ ನೋಡ್ಬುಟ್ಟಿರದು." ಏಳು ತಿಂಗಳಲ್ಲಿ ತಾತ ಆ ಬಿಸಿನೀರಿನ ಮಾತೆತ್ತಿದ್ದು ಅದೇ ಮೊದಲು. ನಾವು ಯಾರೂ ಅವನನ್ನು ಕೇಳಿರಲೂ ಇಲ್ಲ.

ತಾತ ಕೋಲೂರಿ ಎದ್ದ. ಮಾವ ಅವನನ್ನು ಮತ್ತೆ ಕೂರಿಸಲು ಹೋದ. "ಬುಡ್ಲಾ. ಕುರ್ಚಿ ಖಾಲಿ ಇರ್ಲಿ, ಆ ಹೆಣ್ಮಗ ಕೂತ್ಕಂಡು ನೋಡ್ಲಿ, ಆಮೇಲ್ ಬೇಕಾದ್ರೆ ಪೆಟ್ಗೆ ಅಳಿಸ್ಕಳ್ಲಿ" ಅಂದ ತಾತ. ಒಂದೊಂದೇ ಹೆಜ್ಜೆ ಇಟ್ಟು ಅಡುಗೆಮನೆಯ ಬಾಗಿಲಿಗೆ ಹೋಗಿ, ಅತ್ತೆಯ ಎಣ್ಣೆಗೈ ತಾಗಿ ತಾಗಿ ಕಪ್ಪಾಗಿದ್ದ ಬಾಗಿಲುವಾಡವನ್ನು ಹಿಡಿದು ನಿಂತ.

ಮಾವ ರಿಮೋಟು ಎತ್ತಿಕೊಂಡ. ಮುಂದುವರಿಸಬೇಕೆ ಅಂತ ಟಿವಿ ಕೇಳಿತು. ಒತ್ತಿದ. ಏಳು ತಿಂಗಳಿಂದ ಚಿಲಕ ಹಿಡಿದು ನಿಂತಿದ್ದವಳು ಬಾಗಿಲು ತೆರೆದಳು, ತೆರೆದು ಅತ್ತಳು. ಮಾವ ಖಾಲಿ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಏನೂ ಗೊತ್ತಿಲ್ಲದವನ ಹಾಗೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ಬಾಗಿಲಿನ ಮರೆಯಿಂದ ತಾತ ಕತ್ತು ಚಾಚಿದ. ಆ ಕಡೆ ವಾಲಿದ, ಈ ಕಡೆ ವಾಲಿದ. ಬೀರುವನ್ನು ನೋಡಿದ. ಮೆಲ್ಲಗೆ ಕೇಳಿದ.

"ಎಡಗಡೆ ಯಾರ್ಲಾ ಇರದು?"

ಮಾವ ಎದ್ದು ಹೋಗಿ ಟಿವಿಯನ್ನು ಬಾಗಿಲಿನ ಕಡೆಗೆ ಓರೆ ಮಾಡಿದ. ನೆಟ್ಟಗೆ ಮಾಡು ಅಂತ ತಾತ ಈ ಸಲ ಹೇಳಲಿಲ್ಲ.