ಮೇಸ್ತ್ರಿಗೆ ಒಂದೇ ಸಿಳ್ಳೆ ಸಾಕು

ಹದಿನೆಂಟು ವರ್ಷಗಳಿಂದ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೇನೆ. ನನ್ನ ಕೆಂಪು ಪೆನ್ನು ಕಂಡರೆ ತಪ್ಪುಗಳು ತಾವಾಗಿಯೇ ಪುಟ ಬಿಟ್ಟು ಓಡುತ್ತವೆ. ಮನೆಯಲ್ಲಿ ಮಾತ್ರ ಹೆಂಡತಿ, ಮಗಳು, ಅತ್ತೆ ಮೂವರಲ್ಲಿ ಒಬ್ಬರೂ ನನಗೆ ಸೊಪ್ಪು ಹಾಕುವುದಿಲ್ಲ. ಆದ್ದರಿಂದ ಒಂದು ದಿನ ಶಪಥ ಮಾಡಿದೆ: ನನ್ನ ಮಾತು ಕೇಳುವ ಒಂದು ಜೀವವನ್ನಾದರೂ ಈ ಮನೆಗೆ ತಂದೇ ತರುತ್ತೇನೆ!

ಕಾಲ ಕೂಡಿಬಂತು. ಮಂಡಿನೋವಿನಿಂದಾಗಿ ಕುರಿಗಳನ್ನೆಲ್ಲ ಮಾರಿದ ಅಜ್ಜ ಒಬ್ಬರು ಕುರಿ ಕಾಯುವ ನಾಯಿಗಳ ಬಗ್ಗೆ ಪುಸ್ತಕ ಬರೆದು ನಮ್ಮಲ್ಲಿ ಅಚ್ಚಿಗೆ ಕೊಟ್ಟಿದ್ದರು. ಕರಡು ನನ್ನ ಮೇಜಿಗೆ ಬಂತು. ತಳಿಯ ಚರಿತ್ರೆ, ಗುಣ, ಆರೈಕೆ ಎಲ್ಲವನ್ನೂ ಒಂದೇ ವಾರದಲ್ಲಿ ಅರೆದು ಕುಡಿದೆ. ಚೆಂದ ನೋಡಿ ಬೆಳೆಸಿದ ತಳಿಯಲ್ಲವಂತೆ, ತಲೆತಲಾಂತರದಿಂದ ಕೆಲಸ ನೋಡಿ ಉಳಿಸಿಕೊಂಡು ಬಂದದ್ದಂತೆ. ಬರೀ ದಿಟ್ಟಿಸಿ ನೋಡಿಯೇ ಇಡೀ ಮಂದೆಯನ್ನು ತಿರುಗಿಸುತ್ತದಂತೆ. ಮೈಮೇಲೆ ಎರಡು ಪದರ ಕೂದಲು, ದಿನಾ ಬಾಚಬೇಕು. ಕೆಲಸವಿಲ್ಲದಿದ್ದರೆ ಕೆಟ್ಟುಹೋಗುತ್ತದೆ. ವಿಷಯವೇನೋ ಚೆನ್ನಾಗಿತ್ತು, ಆದರೆ ಅಜ್ಜನಿಗೆ ಹೇಳಿದ್ದನ್ನೇ ಹೇಳುವ ಚಟ. ಒಂದೇ ಪದವನ್ನು ಎರಡೆರಡು, ಮೂರು ಮೂರು ಸಲ ಬರೆದಿದ್ದರು. ನಾನು ಬಿಡುತ್ತೇನೆಯೇ? ಹೆಚ್ಚಿನದನ್ನೆಲ್ಲ ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿ ಅಚ್ಚಿಗೆ ಕಳಿಸಿದೆ.

ಅಜ್ಜನ ಬಳಿ ಉಳಿದಿದ್ದುದು ಒಂದೇ ನಾಯಿ. ಹೆಸರು ಮೇಸ್ತ್ರಿ. "ನನಗೆ ಕೊಡಿ, ನಿಮ್ಮ ಪುಸ್ತಕ ಪೂರ್ತಿ ಬಾಯಿಪಾಠ ಆಗಿದೆ," ಎಂದೆ.

"ನಿಮಗೆ ಆದ್ರೆ ಸಾಲ್ದು, ಅದಕ್ಕೂ ನೀವು ಅರ್ಥ ಆಗ್ಬೇಕು," ಎಂದರು ಅಜ್ಜ. "ಒಂದು ತಿಂಗಳು ಇಟ್ಕೊಳ್ಳಿ. ಪುಸ್ತಕ ತಗೊಳ್ಳೋಕೆ ಬಂದಾಗ ನೋಡ್ತೀನಿ. ನೀವು ಸಿಳ್ಳೆ ಹೊಡೆದಾಗ ಮಂದೆ ಕೂಡಿಸಿದ್ರೆ ನಿಮ್ಮದು. ಇಲ್ದಿದ್ರೆ ಕರ್ಕೊಂಡು ಹೋಗ್ತೀನಿ."

"ನಮ್ಮನೇಲಿ ಮಂದೆ ಎಲ್ಲಿದೆ?"

"ಎಷ್ಟು ಜನ ಇದೀರ?"

"ನಾಲ್ಕು."

"ಶುರು ಮಾಡೋಕೆ ಅಷ್ಟು ಸಾಕು."

ಪುಸ್ತಕದ ನಲವತ್ತೊಂದನೆಯ ಪುಟ ಸ್ಪಷ್ಟವಾಗಿತ್ತು: 'ಮಂದೆ ಕೂಡಿಸಲು ಸಿಳ್ಳೆ.' ಮರುದಿನ ಬೆಳಿಗ್ಗೆ ನಡುಮನೆಯಲ್ಲಿ ಸೇನಾಪತಿಯ ಗತ್ತಿನಲ್ಲಿ ನಿಂತು ಒಂದು ಸಿಳ್ಳೆ ಹೊಡೆದೆ. ಮೇಸ್ತ್ರಿ ಕೂತುಕೊಂಡ. ಸಂಜೆ ಮತ್ತೊಂದು ಹೊಡೆದೆ. ಮತ್ತೆ ಕೂತುಕೊಂಡ. ಬೆನ್ನುಬೆನ್ನಿಗೆ ಹೊಡೆಯುವುದು ನನ್ನ ವೃತ್ತಿಧರ್ಮಕ್ಕೆ ಒಗ್ಗದು. ಅದು ಪುನರುಕ್ತಿ ದೋಷ.

"ನಿಮ್ಮ ಮಾತು ಕೇಳೋ ವಿಷಯದಲ್ಲಿ ಅವನೂ ನಮ್ಮನೆಯವನೇ ಆಗ್ಬಿಟ್ಟ ಬಿಡಿ," ಎಂದಳು ಹೆಂಡತಿ.

ವಿಚಿತ್ರವೆಂದರೆ, ರಾತ್ರಿ ಊಟದ ಹೊತ್ತಿಗೆ, ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದ್ದಂತೆ ಅದೇ ಸೋಮಾರಿ ಚಂಗನೆ ಏಳುತ್ತಿದ್ದ. ಮಗಳನ್ನು ಮೊಬೈಲ್ ಸಮೇತ ಕೋಣೆಯಿಂದ ಹೊರಡಿಸಿ, ಅತ್ತೆಯನ್ನು ಟಿವಿಯ ಮುಂದಿನಿಂದ ಎಬ್ಬಿಸಿ, ಮಂಡಿಯ ಹಿಂದೆ ತಣ್ಣನೆಯ ಮೂಗು ಒತ್ತುತ್ತ ಅಡುಗೆಮನೆಗೆ ಅಟ್ಟುತ್ತಿದ್ದ. ಒಮ್ಮೆ ನಾನು ಬಚ್ಚಲಿನಿಂದ ತಲೆ ತುಂಬ ಸೋಪಿನ ನೊರೆ, ಸೊಂಟಕ್ಕೊಂದು ಟವೆಲ್ ಸುತ್ತಿಕೊಂಡು ಹಣಿಕಿದ್ದೇ ತಪ್ಪಾಯಿತು. ಅದೇ ವೇಷದಲ್ಲಿ ಮಂದೆ ಸೇರಿದೆ. ಹೊಟ್ಟೆಬಾಕ, ಊಟದ ವಾಸನೆಗೆ ಕುಣಿಯುತ್ತಾನೆ ಎಂದು ಎಲ್ಲರೆದುರು ತೀರ್ಪು ಕೊಟ್ಟೆ.

"ರೀ, ಊಟದ ವಾಸನೆ ಅಲ್ಲ, ಆ ಕುಕ್ಕರ್..." ಎಂದು ಹೆಂಡತಿ ಶುರು ಮಾಡಿದಳು.

"ಹೇಳಿದ್ದನ್ನೇ ಹೇಳ್ಬೇಡ. ನಾಯಿ ವಿಷಯ ಓದಿರೋನು ನಾನು," ಎಂದೆ.

ಆದರೂ ನಿಜ ಹೇಳಬೇಕು. ನಾಲ್ಕು ಜನ ನಾಲ್ಕು ಹೊತ್ತಿಗೆ ಉಣ್ಣುತ್ತಿದ್ದ ನಮ್ಮ ಮನೆಯಲ್ಲಿ ಆ ತಿಂಗಳು ಎಲ್ಲರೂ ಒಟ್ಟಿಗೆ ಉಂಡೆವು. ಊಟವಾದ ಮೇಲೆ ಮೇಸ್ತ್ರಿ ನನ್ನ ಪಾದದ ಮೇಲೆ ಗದ್ದ ಊರಿ ಮಲಗುತ್ತಿದ್ದ. ನಾನು ಕಾಲು ಜೋಮು ಹಿಡಿದರೂ ಅಲುಗಾಡಿಸುತ್ತಿರಲಿಲ್ಲ. ಅವನನ್ನು ಬಿಟ್ಟುಕೊಡಲು ನನಗೆ ಮನಸ್ಸೇ ಇರಲಿಲ್ಲ.

ತಿಂಗಳು ತುಂಬಿದ ದಿನ ಅಜ್ಜ ಹಗ್ಗ ಹಿಡಿದೇ ಬಂದರು. ಅಚ್ಚಾದ ಐನೂರು ಪ್ರತಿಗಳ ಕಟ್ಟುಗಳನ್ನು ನಾನು ಮನೆಗೇ ತರಿಸಿ ಬಾಗಿಲ ಬಳಿ ಜೋಡಿಸಿದ್ದೆ. ಮಗಳು ಕೋಣೆ ಸೇರಿ ಅಳುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ಜೀವಮಾನದ ಅತ್ಯುತ್ತಮ ಸಿಳ್ಳೆ ಹೊಡೆದೆ.

ಮೇಸ್ತ್ರಿ ಕೂತುಕೊಂಡ. ಎಷ್ಟು ಅಚ್ಚುಕಟ್ಟಾಗಿ ಕೂತನೆಂದರೆ, ನನಗೆ ಅಳು ಬಂತು.

ಅಜ್ಜ ಹಗ್ಗದ ಸುರುಳಿ ಬಿಚ್ಚತೊಡಗಿದರು. "ಬಾರೋ ಮೇಸ್ತ್ರಿ, ಹೋಗೋಣ."

"ಒಂದು ಹತ್ತು ನಿಮಿಷ ಕೂತ್ಕೊಳ್ಳಿ ಅಜ್ಜ, ಊಟ ಮಾಡ್ಕೊಂಡು ಹೋಗಿ," ಎಂದು ಹೆಂಡತಿ ಒಳಗೆ ಹೋದಳು. ಇಂಥ ಹೊತ್ತಿನಲ್ಲಿ ಇವಳಿಗೆ ಅಡುಗೆಯ ಚಿಂತೆಯೇ ಎಂದು ನನಗೆ ಸಿಟ್ಟೇ ಬಂತು.

ಕುಕ್ಕರ್ ಒಂದು ಕೂಗು ಕೂಗಿತು. ಮೇಸ್ತ್ರಿಯ ಕಿವಿ ನೆಟ್ಟಗಾದವು. ಎರಡನೆಯ ಕೂಗಿಗೆ ಎದ್ದು ನಿಂತ. ಮೂರನೆಯದಕ್ಕೆ ಬಿಟ್ಟ ಬಾಣ! ಮಗಳು ಬಂದಳು, ಅತ್ತೆ ಬಂದರು, ನಾನು ಬಂದೆ. ಕೊನೆಗೆ ಮಂಡಿನೋವಿನ ಅಜ್ಜನೂ "ಏ, ಬಂದೆ ಕಣೋ" ಎನ್ನುತ್ತ ಹಗ್ಗ ಎಳೆದುಕೊಂಡು ಅಡುಗೆಮನೆ ಸೇರಿದರು. ಮೇಸ್ತ್ರಿ ಬಾಗಿಲಿಗೆ ಅಡ್ಡ ನಿಂತ.

ಅಜ್ಜ ನಕ್ಕೂ ನಕ್ಕೂ ಸುಸ್ತಾದರು. "ಮೂರು ಸಿಳ್ಳೆ! ಇದನ್ನೇ ಅಲ್ವಾ ನಾನು ಬರೆದಿದ್ದು?" ಅವರೇ ಹೊರಗೆ ಹೋಗಿ ಒಂದು ಪ್ರತಿ ತಂದು ಪುಟ ನಲವತ್ತೊಂದು ತೆಗೆದರು. ನಗು ನಿಂತಿತು. "'ಸಿಳ್ಳೆ, ಸಿಳ್ಳೆ, ಸಿಳ್ಳೆ' ಅಂತ ಬರೆದಿದ್ದೆ. ಒಂದೇ ಸಿಳ್ಳೆ ಅಂದ್ರೆ 'ಇದ್ದಲ್ಲೇ ಕೂತ್ಕೋ' ಅಂತ. ಉಳಿದ ಎರಡು ಎಲ್ಲಿ ಹೋದ್ವು?"

"ನಮ್ಮ ಅಳಿಯಂದಿರ ಪೆನ್ನನ್ನ ಕೇಳ್ಬೇಕು," ಎಂದರು ಅತ್ತೆ.

ನಾನು ಹೆಂಡತಿಯ ಕಡೆ ತಿರುಗಿದೆ. "ನಿನಗೆ ಗೊತ್ತಿತ್ತಾ? ಹೇಳೋದಲ್ವಾ?"

"ಹೇಳೋಕೆ ಬಂದೆ. ಹೇಳಿದ್ದನ್ನೇ ಹೇಳ್ಬೇಡ ಅಂದ್ರಿ."

ಹೇಗೋ ಮಂದೆ ಕೂಡಿತಲ್ಲ ಎಂದು ಅಜ್ಜ ನಾಯಿಯನ್ನು ಬಿಟ್ಟುಹೋದರು, ಐನೂರು ಪ್ರತಿಗಳನ್ನೂ ಬಿಟ್ಟುಹೋದರು. ಒಂದೊಂದಕ್ಕೂ ತಿದ್ದುಪಡಿಯ ಚೀಟಿ ಅಂಟಿಸಿಕೊಡಬೇಕೆಂದು ಅಪ್ಪಣೆ. ಭಾನುವಾರವಿಡೀ ನಾಲ್ವರೂ ಊಟದ ಮೇಜಿನ ಸುತ್ತ ಅಂಟು ಹಚ್ಚುತ್ತ ಕೂತೆವು. ನಾನು ಎದ್ದಾಗಲೆಲ್ಲ ಮೇಸ್ತ್ರಿ ಬಂದು ಮಂಡಿಯ ಹಿಂದೆ ಮೂಗು ಒತ್ತಿ ಕೂರಿಸುತ್ತಿದ್ದ.

ಚೀಟಿಯ ಒಕ್ಕಣೆ ನನ್ನದೇ: 'ಪುಟ ೪೧ರಲ್ಲಿ ಸಿಳ್ಳೆ ಎಂದಿರುವುದನ್ನು ಮೂರು ಸಿಳ್ಳೆ ಎಂದು ಓದಿಕೊಳ್ಳಬೇಕು.' ಅಚ್ಚಿಗೆ ಹೋಗುವ ಮುಂಚೆ ಹೆಂಡತಿ ನನ್ನದೇ ಕೆಂಪು ಪೆನ್ನಿನಿಂದ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಳು: 'ಸಿಳ್ಳೆ ಹೊಡೆಯಲು ಬಾರದವರು ಕುಕ್ಕರ್ ಇಡಬೇಕು.'

ಎರಡು ಸಲ ಓದಿದೆ. ತಿದ್ದುವುದಕ್ಕೆ ಏನೂ ಸಿಗಲಿಲ್ಲ.